ಹಳೆಯ ಟಿಲ್ಲರ್ ಉಳಿಸಿಕೊಳ್ಳಬೇಕೆ, ಹೊಸದನ್ನು ಕೊಳ್ಳಬೇಕೆ?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ನಿಮ್ಮಲ್ಲಿ ಅನೇಕರ ಮನೆಯ ಕೊಟ್ಟಿಗೆಯ ಪಕ್ಕದಲ್ಲೋ ಹಿತ್ತಿಲಿನ ಷೆಡ್ಡಿನಲ್ಲೋ ಟಾರ್ಪಾಲು ಹೊದ್ದುಕೊಂಡು ಒಂದು ಪವರ್ ಟಿಲ್ಲರ್ ನಿಂತಿರಬಹುದು. ಅದಕ್ಕೆ ಹದಿನೈದೋ ಇಪ್ಪತ್ತೋ ವರ್ಷ ವಯಸ್ಸಾಗಿರಬಹುದು. ಮುಂಗಾರು ಹತ್ತಿರ ಬಂದ ಕೂಡಲೇ ಮನೆಯಲ್ಲಿ ಮಾತು ಶುರುವಾಗುತ್ತದೆ. "ಈ ಸಲವೂ ಇದನ್ನೇ ರಿಪೇರಿ ಮಾಡಿಸೋಣ" ಎಂದು ತಂದೆಯವರು ಹೇಳುತ್ತಾರೆ. "ಇದಕ್ಕೆ ದುಡ್ಡು ಸುರಿದು ಸಾಕಾಯಿತು, ಗುಜರಿಗೆ ಹಾಕಿ ಹೊಸದು ತರೋಣ" ಎಂದು ಅಣ್ಣ ಹೇಳುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಕೊನೆಗೆ ತೀರ್ಮಾನವಾಗುವುದು ಬಹುಮಟ್ಟಿಗೆ ಯಾರ ದನಿ ಜೋರೋ ಅವರ ಕಡೆಗೆ. ಶಾಲಾ ಕಾಲೇಜುಗಳಲ್ಲಿ ನೀವು ಕಲಿಯುವ ವಿಜ್ಞಾನ ಮತ್ತು ಗಣಿತದಿಂದ ಈ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯವೇ ಎಂಬುದನ್ನು ಇಂದು ನೋಡೋಣ.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಪವರ್ ಟಿಲ್ಲರ್ ಎಂದರೆ ಎರಡು ಚಕ್ರ, ಒಂದು ಸಿಲಿಂಡರಿನ ಎಂಜಿನ್, ಹಿಂದೆ ಗಿರಗಿರನೆ ತಿರುಗುವ ಅಲಗುಗಳು, ಹಿಡಿದುಕೊಂಡು ನಡೆಯಲು ಎರಡು ಹಿಡಿಕೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಡೀಸೆಲ್ ಟಿಲ್ಲರುಗಳ ಶಕ್ತಿ 12 ಅಥವಾ 13 ಅಶ್ವಶಕ್ತಿ, ಅಂದರೆ ಸುಮಾರು 9ರಿಂದ 9.5 ಕಿಲೋವ್ಯಾಟ್. ತಿರುಗುವ ಅಲಗುಗಳಿಂದ ಮಣ್ಣನ್ನು ಸಡಿಲ ಮಾಡುವ ಪ್ರಯೋಗವನ್ನು ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ತರುಣ 1912ರಲ್ಲಿ ತನ್ನ ತಂದೆಯ ಜಮೀನಿನಲ್ಲಿ ಮಾಡಿದ. ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆಗಳಲ್ಲಿ ಕೈಯಲ್ಲಿ ನಡೆಸುವ ಟಿಲ್ಲರ್ ಮನೆಮಾತಾಯಿತು. ಅಲ್ಲಿಂದ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತು. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದೊಡನೆ ಆರಂಭವಾಯಿತು. 1973ರಲ್ಲಿ ಕೇರಳ ಸರ್ಕಾರದ ಕಾಮ್ಕೊ ಸಂಸ್ಥೆ ಸ್ಥಾಪನೆಯಾಗಿ, ಕುಬೋಟಾ ತಂತ್ರಜ್ಞಾನದ ಟಿಲ್ಲರುಗಳನ್ನು ತಯಾರಿಸಿತು.

ನಮ್ಮ ಟಿಲ್ಲರಿಗೆ ದೂರದೇಶಗಳಲ್ಲಿ ನೆಂಟರೂ ಇದ್ದಾರೆ. ಕೆನಡಾದ ಆರ್ಥರ್ ಸಿಕಾರ್ಡ್ ಎಂಬಾತ 1925ರಲ್ಲಿ ಹಿಮ ತೂರುವ ಯಂತ್ರವನ್ನು ತಯಾರಿಸಿದ. ಅದರ ಚಿಕ್ಕ ರೂಪವನ್ನು ಇಂದು ಹಿಮ ಬೀಳುವ ದೇಶಗಳ ಮನೆಗಳವರು ಚಳಿಗಾಲದಲ್ಲಿ ಅಂಗಳದಲ್ಲಿ ತಳ್ಳಿಕೊಂಡು ನಡೆಯುತ್ತಾರೆ. ಅದರಲ್ಲೂ ಒಂದು ಸಿಲಿಂಡರಿನ ಎಂಜಿನ್, ಬೆಲ್ಟು, ಗೇರು, ತಿರುಗುವ ಅಲಗು. ವರ್ಷದಲ್ಲಿ ಕೆಲವೇ ವಾರ ಕೆಲಸ, ಉಳಿದ ಕಾಲ ಮೂಲೆಯಲ್ಲಿ ವಿಶ್ರಾಂತಿ. ಹಳೆಯದನ್ನು ದುರಸ್ತಿ ಮಾಡುವುದೋ ಹೊಸದನ್ನು ಕೊಳ್ಳುವುದೋ ಎಂಬ ಚರ್ಚೆ ಅವರ ಮನೆಗಳಲ್ಲೂ ತಪ್ಪಿದ್ದಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಟಿಲ್ಲರಿಗೆ ಏಕೆ ಇಷ್ಟು ಬೆಲೆ? ಹೇಮಾವತಿಯ ನೀರು ಹರಿಯುವ ಹೊಳೆನರಸೀಪುರದ ಕಡೆ ಹಾಗೂ ಕಾವೇರಿ ದಂಡೆಯ ರಾಮನಾಥಪುರ, ಕೊಣನೂರುಗಳ ಕಡೆ ಭತ್ತದ ಗದ್ದೆಗಳಿವೆ. ಕೆಸರಿನಲ್ಲಿ ಭಾರವಾದ ಟ್ರ್ಯಾಕ್ಟರ್ ಹೂತುಕೊಳ್ಳಬಹುದು, ಸಣ್ಣ ಮಡಿಯಲ್ಲಿ ಅದು ತಿರುಗುವುದೂ ಕಷ್ಟ. ಚನ್ನರಾಯಪಟ್ಟಣದ ಕಡೆ ತೆಂಗಿನ ನಡುವೆ ಅಡಿಕೆ, ಬಾಳೆ ಇಟ್ಟ ತೋಟಗಳಲ್ಲೂ ಅದೇ ತೊಂದರೆ. ಹಾಸನದ ಸುತ್ತ ಆಲೂಗೆಡ್ಡೆ ಬಿತ್ತುವವರಿಗೆ ಮಣ್ಣು ಪುಡಿಪುಡಿಯಾಗಿರಬೇಕು, ಮಳೆಯ ಹದ ತಪ್ಪಬಾರದು. ಹದ ಸಿಗುವುದು ಮೂರೋ ನಾಲ್ಕೋ ದಿನ. ಆ ದಿನಗಳಲ್ಲಿ ಯಂತ್ರ ಕೆಟ್ಟು ನಿಂತರೆ ನಷ್ಟವಾಗುವುದು ರಿಪೇರಿಯ ಹಣ ಮಾತ್ರವಲ್ಲ, ಇಡೀ ಒಂದು ಬೆಳೆಯ ಕಾಲ ಹಿಂದೆ ಬೀಳುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ನಮ್ಮ ಲೆಕ್ಕದಲ್ಲಿ ಮುಂದೆ ಇದು ಬರುತ್ತದೆ.

ಟಿಲ್ಲರ್ ಹೊಡೆಯುವವರ ಶ್ರಮವನ್ನೂ ಲೆಕ್ಕ ಹಾಕೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಲಗುಗಳ ಪಟ್ಟಿಯ ಅಗಲ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 4,047ನ್ನು 0.6ರಿಂದ ಭಾಗಿಸಿದರೆ 6,745 ಮೀಟರ್ ಬರುತ್ತದೆ. ಅಂದರೆ ಒಂದು ಎಕರೆಯನ್ನು ಒಂದು ಸಾಲು ಹೊಡೆಯಲು ಮನುಷ್ಯ ಯಂತ್ರದ ಹಿಂದೆ ಸುಮಾರು 6.7 ಕಿಲೋಮೀಟರ್ ನಡೆಯಬೇಕು. ಎರಡು ಸಾಲಿಗೆ 13 ಕಿಲೋಮೀಟರಿಗೂ ಹೆಚ್ಚು, ಅದೂ ಕೆಸರಿನಲ್ಲಿ, ಅದುರುವ ಹಿಡಿಕೆ ಹಿಡಿದು. ಹಳೆಯದು, ಹೊಸದು ಎಂದು ಹೋಲಿಸುವಾಗ ಈ ಮೈಗೆ ಬೀಳುವ ಶ್ರಮವನ್ನೂ ತಕ್ಕಡಿಗೆ ಹಾಕಬೇಕು.

ಇನ್ನು ಯಂತ್ರಕ್ಕೆ ವಯಸ್ಸಾಗುವುದು ಹೇಗೆ ಎಂಬುದನ್ನು ನೋಡೋಣ. ಯಂತ್ರ ವರ್ಷಗಳಿಂದಲೇ ಮುಪ್ಪಾಗುವುದಿಲ್ಲ. ಅದನ್ನು ಸವೆಸುವ ಶತ್ರುಗಳು ಮುಖ್ಯವಾಗಿ ಮೂರು: ಧೂಳು, ಕೆಟ್ಟ ನೀರು, ಕೆಸರು.

ಧೂಳಿನ ಕಥೆಯನ್ನು ಕೇಳಿ. ಎಂಜಿನಿನ ಸಿಲಿಂಡರಿನ ಗಾತ್ರ 650 ಘನ ಸೆಂಟಿಮೀಟರ್, ವೇಗ ನಿಮಿಷಕ್ಕೆ 2,000 ಸುತ್ತು ಎಂದುಕೊಳ್ಳಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ಹಾಗಾದರೆ ನಿಮಿಷಕ್ಕೆ 1,000 ಸಲ, ಅಂದರೆ 650 ಲೀಟರ್ ಗಾಳಿ. ಗಂಟೆಗೆ 39,000 ಲೀಟರ್, ಅಥವಾ 39 ಘನ ಮೀಟರ್. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ನಿಮ್ಮ ತರಗತಿ ಕೋಣೆಯ ಗಾಳಿಯನ್ನೆಲ್ಲ ಈ ಎಂಜಿನ್ ಮೂರು ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಒಣಹೊಲದಲ್ಲಿ ಆ ಗಾಳಿಯ ತುಂಬ ಧೂಳು. ಧೂಳಿನಲ್ಲಿರುವ ಸ್ಫಟಿಕ ಮರಳಿನ ಗಡಸುತನ ಮೋಸ್ ಮಾಪಕದಲ್ಲಿ 7. ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆದು. ಗಾಳಿ ಸೋಸುವ ಫಿಲ್ಟರಿನ ತಳದಲ್ಲಿ ಎಣ್ಣೆ ಒಣಗಿದ್ದರೆ ಆ ಮರಳು ನೇರವಾಗಿ ಒಳಗೆ ಹೋಗಿ, ಪಿಸ್ಟನ್ ಮೇಲೆ ಕೆಳಗೆ ಆಡಿದಂತೆಲ್ಲ ಸಿಲಿಂಡರನ್ನು ಉಜ್ಜು ಕಾಗದದಂತೆ ಉಜ್ಜುತ್ತದೆ. ಒಂದು ಬಟ್ಟಲು ಎಣ್ಣೆಯ ಅಸಡ್ಡೆಗೆ ಇಡೀ ಎಂಜಿನನ್ನು ದಂಡವಾಗಿ ತೆರಬೇಕಾಗುತ್ತದೆ.

ಎರಡನೆಯದು ನೀರು. ಬೋರ್‌ವೆಲ್‌ನ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ, ಸ್ನಾನದ ಹಂಡೆಯಲ್ಲಿ ಬೆಳ್ಳಗೆ ಕಟ್ಟುವ ಸುಣ್ಣದ ಹೊಪ್ಪಳೆ ಎಂಜಿನಿನ ಒಳಗೂ ಕಟ್ಟುತ್ತದೆ. ಅದು ಶಾಖವನ್ನು ಹೊರಗೆ ಬಿಡುವುದಿಲ್ಲ, ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಮಳೆನೀರನ್ನು ಹಿಡಿದು ಸೋಸಿ ಬಳಸಿದರೆ ಈ ತೊಂದರೆ ಬಹುಪಾಲು ಇಲ್ಲ.

ಮೂರನೆಯದು ಕೆಸರು. ಗದ್ದೆಯ ನೀರು ಸವೆದ ಆಯಿಲ್ ಸೀಲಿನ ಮೂಲಕ ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಆಗ ಒಳಗಿನ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ಆ ಬಣ್ಣ ಕಂಡ ಮೇಲೂ ಯಂತ್ರ ಓಡಿಸಿದರೆ, ಕಡಿಮೆ ಬೆಲೆಯ ಸೀಲಿನಲ್ಲಿ ಮುಗಿಯಬೇಕಾದ ಕೆಲಸ ಬೇರಿಂಗು, ಗೇರುಗಳವರೆಗೆ ಹೋಗುತ್ತದೆ.

ಹೀಗೆ ಕಾರಣ ತಿಳಿದ ಮೇಲೆ ಹಳೆಯ ಟಿಲ್ಲರನ್ನು ಪರೀಕ್ಷಿಸುವುದು ಸುಲಭ. ವೈದ್ಯರು ನಾಡಿ ನೋಡುವಂತೆ ನೀವು ಹೊಗೆ ನೋಡಬೇಕು. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಫಿಲ್ಟರ್ ಕಟ್ಟಿರಬಹುದು, ನಾಜಲ್ ಸರಿಯಾಗಿ ಸಿಂಪಡಿಸದಿರಬಹುದು, ಅಥವಾ ಹೊರೆ ಹೆಚ್ಚಾಗಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲೇ ಉರಿಯುತ್ತಿದೆ. ರಿಂಗುಗಳೋ ಸಿಲಿಂಡರೋ ವಾಲ್ವಿನ ಗೈಡೋ ಸವೆದಿದೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೆ ಸಿಲಿಂಡರಿಗೆ ನೀರು ಸೇರುತ್ತಿದೆ.

ಮುಂದಿನ ಪರೀಕ್ಷೆ ಒತ್ತಡದ್ದು. ಡೀಸೆಲ್ ಎಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನ ಜಾಗಕ್ಕೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಂತಿರುವಾಗ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದರೆ ಒಂದು ಹಂತದಲ್ಲಿ ಅದು ಗಟ್ಟಿಯಾಗಿ ತಡೆಯಬೇಕು. ಸಲೀಸಾಗಿ ತಿರುಗಿಬಿಟ್ಟರೆ ಗಾಳಿ ಎಲ್ಲೋ ಸೋರುತ್ತಿದೆ. ಹೆಡ್ಡು ಬಿಚ್ಚಿದ ಮೇಲೆ ಲೇತ್ ವರ್ಕ್‌ಶಾಪಿನವರು ಬೋರ್ ಗೇಜಿನಿಂದ ಸಿಲಿಂಡರಿನ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಅಳೆದು ಸವೆತ ಎಷ್ಟೆಂದು ಮಿಲಿಮೀಟರಿನ ನೂರನೆಯ ಒಂದು ಭಾಗದ ಮಟ್ಟಿಗೆ ಹೇಳುತ್ತಾರೆ. ಆ ಅಂಕಿಯನ್ನು ಕೇಳಿ ಬರೆದುಕೊಳ್ಳಿ. "ಎಂಜಿನ್ ಹೋಗಿದೆ" ಎಂಬ ಮಾತಿಗಿಂತ ಆ ಅಂಕಿ ನೂರು ಪಾಲು ಮೇಲು.

ಯಾವುದನ್ನು ಹೊಸದು ಮಾಡಬಹುದು, ಯಾವುದನ್ನು ಮಾಡಲಾಗದು? ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಸೀಲ್, ನಾಜಲ್, ಕ್ಲಚ್ ಪ್ಲೇಟ್, ಬೆಲ್ಟು, ಅಲಗು ಇವೆಲ್ಲ ಸವೆಯಲಿಕ್ಕೆಂದೇ ಮಾಡಿದ, ಬದಲಾಯಿಸಬಹುದಾದ ಭಾಗಗಳು. ಎಂಜಿನಿನ ಒಡಲು, ಗೇರ್‌ಬಾಕ್ಸಿನ ಕವಚ, ಕ್ರ್ಯಾಂಕ್‌ಶಾಫ್ಟ್ ಇವು ಯಂತ್ರದ ಬೆನ್ನೆಲುಬು. ಈ ಮೂರೂ ಗಟ್ಟಿಯಾಗಿದ್ದರೆ ಹಳೆಯ ಟಿಲ್ಲರ್ ಮತ್ತೆ ವರ್ಷಗಟ್ಟಲೆ ದುಡಿಯಬಲ್ಲದು. ಒಡಲಿನಲ್ಲೇ ಬಿರುಕು ಬಿಟ್ಟಿದ್ದರೆ, ಅದಕ್ಕೆ ಮಾಡುವ ಖರ್ಚು ತೂತಿನ ಮಡಕೆಗೆ ಹೊಯ್ದ ನೀರು.

ಹಾಗಾದರೆ ಹೊಸ ಮಾದರಿಗಳಲ್ಲಿ ಹೆಚ್ಚಿನದೇನಿದೆ? ಇದೆ, ಅದನ್ನು ಒಪ್ಪಿಕೊಳ್ಳಬೇಕು. ಅನೇಕ ಹಳೆಯ ಎಂಜಿನುಗಳಲ್ಲಿ ಡೀಸೆಲ್ಲನ್ನು ಮೊದಲು ಪಕ್ಕದ ಪುಟ್ಟ ಕೋಣೆಯೊಂದಕ್ಕೆ ಚಿಮ್ಮಿಸುತ್ತಿದ್ದರು. ಈಗ ನೇರವಾಗಿ ಪಿಸ್ಟನ್ನಿನ ಮೇಲಕ್ಕೇ ಚಿಮ್ಮಿಸುವ ಎಂಜಿನುಗಳು ಬಂದಿವೆ. ಶಾಖ ಸೋರುವ ಮೇಲ್ಮೈ ಕಡಿಮೆಯಾದ್ದರಿಂದ ಡೀಸೆಲ್ ಶೇಕಡಾ 10ರಿಂದ 15ರಷ್ಟು ಉಳಿಯುತ್ತದೆ. ಸ್ವಿಚ್ಚು ಒತ್ತಿ ಸ್ಟಾರ್ಟ್ ಮಾಡುವ ಮಾದರಿಗಳಿವೆ. ಹ್ಯಾಂಡಲ್ ಹೊಡೆಯಲು ತ್ರಾಣವಿಲ್ಲದ ಹಿರಿಯರಿಗೂ ಹೆಣ್ಣುಮಕ್ಕಳಿಗೂ ಇದೊಂದು ದೊಡ್ಡ ಅನುಕೂಲ. ತೋಟದ ಕಳೆ ತೆಗೆಯಲು ಹಗುರವಾದ ಪುಟ್ಟ ಯಂತ್ರಗಳೂ ಸಿಗುತ್ತವೆ.

ಆದರೆ ಒಂದು ಅಪಾಯ ಹಳೆಯದಕ್ಕೂ ಹೊಸದಕ್ಕೂ ಸಮಾನ. ಸ್ಟೀರಿಂಗ್ ಕ್ಲಚ್ ಇರುವ ಟಿಲ್ಲರಿನಲ್ಲಿ ಸಮತಟ್ಟಾದ ನೆಲದ ಮೇಲೆ ಎಡಗೈ ಕ್ಲಚ್ ಹಿಡಿದರೆ ಎಡಚಕ್ರಕ್ಕೆ ಶಕ್ತಿ ನಿಂತು, ಬಲಚಕ್ರ ತಳ್ಳಿ, ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಎಂಜಿನ್ ಚಕ್ರಗಳನ್ನು ತಳ್ಳುತ್ತಿರುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಎಡಗೈ ಕ್ಲಚ್ ಹಿಡಿದ ಕೂಡಲೇ ಎಡಚಕ್ರ ಹಿಡಿತ ತಪ್ಪಿ ವೇಗವಾಗಿ ಉರುಳಿ ಯಂತ್ರ ಬಲಕ್ಕೆ ತಿರುಗುತ್ತದೆ. ಟ್ರೈಲರ್ ಕಟ್ಟಿಕೊಂಡು ಏರಿಯಿಂದ ಇಳಿಯುವಾಗ ಇದನ್ನರಿಯದವರು ಹಳ್ಳಕ್ಕೆ ಬೀಳುತ್ತಾರೆ. ಮನೆಯಲ್ಲಿ ಟಿಲ್ಲರ್ ನಡೆಸುವವರಿಗೆ ದಯವಿಟ್ಟು ಇದನ್ನು ಇಂದೇ ವಿವರಿಸಿ.

ಹೊಸದನ್ನು ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಬಿಡಿಭಾಗಗಳದ್ದು. ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಹೊರದೇಶದ ಯಂತ್ರಕ್ಕೆ ಐದು ವರ್ಷದ ನಂತರ ಒಂದು ಗೇರು ಬೇಕಾದರೆ ಹಾಸನದ ಪೇಟೆಯಲ್ಲಿ ಸಿಗುತ್ತದೆಯೇ? 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಪವರ್ ಟಿಲ್ಲರುಗಳನ್ನೂ ಅವುಗಳ ಎಂಜಿನ್, ಗೇರ್‌ಬಾಕ್ಸ್ ಮೊದಲಾದ ಭಾಗಗಳನ್ನೂ ನಿರ್ಬಂಧಿತ ಆಮದಿನ ಪಟ್ಟಿಗೆ ಸೇರಿಸಿತು. ಬಿಡಿಭಾಗ ಸಿಗದ ಹೊಸ ಯಂತ್ರಕ್ಕಿಂತ ಬಿಡಿಭಾಗ ಸಿಗುವ ಹಳೆಯ ಯಂತ್ರವೇ ಹದದ ದಿನ ಕೈಹಿಡಿಯುತ್ತದೆ.

ಈಗ ಹಣದ ಲೆಕ್ಕಕ್ಕೆ ಬರೋಣ. ಇಲ್ಲಿ ನಾನು ಕೊಡುವ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೀವೇ ಲೆಕ್ಕ ಮಾಡಬೇಕು. ಸಹಾಯಧನ ಕಳೆದು ಹೊಸ ಟಿಲ್ಲರಿಗೆ 1,40,000 ರೂಪಾಯಿ, ಅದು ಹತ್ತು ವರ್ಷ ಬಾಳುತ್ತದೆ ಎಂದುಕೊಂಡರೆ ವರ್ಷಕ್ಕೆ 14,000. ಹಳೆಯದರ ಪೂರ್ಣ ದುರಸ್ತಿಗೆ 45,000 ರೂಪಾಯಿ, ಅದು ನಾಲ್ಕು ವರ್ಷ ಬರುತ್ತದೆ ಎಂದುಕೊಂಡರೆ ವರ್ಷಕ್ಕೆ 11,250. ಹಳೆಯದು ಗಂಟೆಗೆ 0.3 ಲೀಟರ್ ಡೀಸೆಲ್ ಹೆಚ್ಚು ಕುಡಿಯುತ್ತದೆ, ಲೀಟರಿಗೆ 90 ರೂಪಾಯಿ ಎಂದರೆ ಗಂಟೆಗೆ 27 ರೂಪಾಯಿ ಹೆಚ್ಚು. ವರ್ಷಕ್ಕೆ 60 ಗಂಟೆ ದುಡಿಸುವ ಮನೆಯಲ್ಲಿ ಹಳೆಯದರ ಖರ್ಚು 12,870 ರೂಪಾಯಿ. ಇಲ್ಲಿ ಹಳೆಯದೇ ಲಾಭ. ಊರಿನವರಿಗೂ ಬಾಡಿಗೆಗೆ ಹೊಡೆದು ವರ್ಷಕ್ಕೆ 150 ಗಂಟೆ ದುಡಿಸುವ ಮನೆಯಲ್ಲಿ 15,300 ರೂಪಾಯಿ. ಅಲ್ಲಿ ಹೊಸದೇ ಲಾಭ. ಎರಡೂ ಸಮವಾಗುವುದು ಸುಮಾರು 102 ಗಂಟೆಯಲ್ಲಿ. ಇದು ನೀವು ಕಲಿತ ಸರಳ ಸಮೀಕರಣವೇ.

ಈ ಲೆಕ್ಕಕ್ಕೆ ಇನ್ನೆರಡು ಸಂಗತಿಗಳನ್ನು ಸೇರಿಸಬೇಕು. ಹೊಸದಕ್ಕೆ ಸಾಲ ಮಾಡಿದ್ದರೆ ಅದರ ಬಡ್ಡಿ ಹೊಸದರ ಖಾತೆಗೆ. ಹಳೆಯದು ಹದದಲ್ಲಿ ಕೆಟ್ಟು ನಿಂತ ದಿನಗಳ ನಷ್ಟ ಹಳೆಯದರ ಖಾತೆಗೆ. ಇನ್ನು ವರ್ಷಕ್ಕೆ ಹದಿನೈದು ಇಪ್ಪತ್ತು ಗಂಟೆ ಮಾತ್ರ ಬೇಕಾದವರಿಗೆ ಹಳೆಯದೂ ಬೇಡ, ಹೊಸದೂ ಬೇಡ, ಬಾಡಿಗೆಯೇ ಸರಿ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಉದ್ದೇಶ ಯಂತ್ರಗಳನ್ನು ಬಾಡಿಗೆಗೆ ಒದಗಿಸುವುದೇ ಆಗಿತ್ತು.

ಸಹಾಯಧನದ ಬಗೆಗೂ ಒಂದು ಮಾತು. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014–15ರಲ್ಲಿ ಆರಂಭವಾಯಿತು. ಸಣ್ಣ ರೈತರಿಗೆ ಇದರಿಂದ ಬಹಳ ಉಪಕಾರವಾಗಿದೆ. ಆದರೆ ರೈತರಿಗೆ ಆ ನೆರವು ಸಿಗುವುದು ಹೊಸ ಯಂತ್ರದ ಖರೀದಿಗೆ, ಹಳೆಯದರ ದುರಸ್ತಿಗಲ್ಲ. ಹೀಗಾಗಿ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ಸಮಾಜಕ್ಕೆ ಬೀಳುವ ಖರ್ಚು ಬೇರೆ. ಒಂದು ಟನ್ ಉಕ್ಕು ತಯಾರಿಸುವಾಗ ಜಗತ್ತಿನಲ್ಲಿ ಸರಾಸರಿ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಬೆನ್ನೆಲುಬು ಗಟ್ಟಿಯಿರುವ ಯಂತ್ರವನ್ನು ಗುಜರಿಗೆ ಹಾಕುವಾಗ ಈ ಲೆಕ್ಕ ಯಾರ ಪುಸ್ತಕದಲ್ಲೂ ಬರುವುದಿಲ್ಲ.

ದುರಸ್ತಿ ಮಾಡಿಕೊಳ್ಳುವ ಹಕ್ಕಿನ ಪ್ರಶ್ನೆ ಇಂದು ಜಗತ್ತಿನಾದ್ಯಂತ ಎದ್ದಿದೆ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಮಾಡಿದ ಕಾಯಿದೆಯಂತೆ, ಕೃಷಿ ಯಂತ್ರಗಳ ತಯಾರಕರು ಬಿಡಿಭಾಗ, ಕೈಪಿಡಿ, ಸಲಕರಣೆಗಳನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಒದಗಿಸಬೇಕು. ನಮ್ಮ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಈ ವಿಷಯಕ್ಕೆ ಸಮಿತಿಯೊಂದನ್ನು ರಚಿಸಿತು. ಅದು ಗಮನ ಕೊಟ್ಟ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಒಂದು. ಆದರೆ ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಬಿಚ್ಚಿ ಕಟ್ಟಬಲ್ಲ ಕೈಗಳು ಊರಿನಲ್ಲಿ ಉಳಿಯಬೇಕು. ಸದ್ದು ಕೇಳಿಯೇ ದೋಷ ಹೇಳುವ ಹಳೆಯ ಮೆಕ್ಯಾನಿಕ್‌ಗಳ ವಿದ್ಯೆ ಪುಸ್ತಕದಲ್ಲಿಲ್ಲ. ಅವರು ಕೆಲಸ ಬಿಟ್ಟಾಗ ಅದೂ ಹೋಗುತ್ತದೆ. ಐ.ಟಿ.ಐ.ಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಎಂಬ ಒಂದು ವರ್ಷದ ತರಬೇತಿಯಿದೆ. ಅದನ್ನು ಓದು ತಲೆಗೆ ಹತ್ತದವರ ದಾರಿ ಎಂದು ತಿಳಿಯುವುದು ತಪ್ಪು. ನೂರನೆಯ ಒಂದು ಮಿಲಿಮೀಟರನ್ನು ಅಳೆಯುವ ಕೆಲಸಕ್ಕೆ ಜಾಣ್ಮೆಯೇ ಬೇಕು.

ಹಳೆಯದಿರಲಿ ಹೊಸದಿರಲಿ, ಪಾಲನೆಯ ನಿಯಮಗಳು ಒಂದೇ. ದಿನವೂ ಫಿಲ್ಟರಿನ ಎಣ್ಣೆ, ಎಂಜಿನ್ ಆಯಿಲ್, ರೇಡಿಯೇಟರ್ ನೀರು ನೋಡಬೇಕು. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗೆ ಸರಿಯಾಗಿ ಆಯಿಲ್ ಬದಲಿಸಬೇಕು. ಡೀಸೆಲ್ಲನ್ನು ಸೋಸಿ ಹಾಕಬೇಕು. ಟ್ಯಾಂಕು ಪೂರ್ತಿ ಒಣಗಲು ಬಿಟ್ಟರೆ ಕೊಳವೆಗೆ ಗಾಳಿ ಸೇರಿ, ಅದನ್ನು ಹೊರಗೆ ಬಿಡುವ ತನಕ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಅಲಗುಗಳಲ್ಲಿ ಎಡ, ಬಲ ಎಂಬ ಭೇದವಿದೆ, ಜೋಡಿಸುವಾಗ ಅದಲುಬದಲು ಮಾಡಬಾರದು. ಸುಗ್ಗಿ ಮುಗಿದು ಯಂತ್ರವನ್ನು ನಿಲ್ಲಿಸುವಾಗ ಕೆಸರು ತೊಳೆದು ಒಣಗಿಸಿ, ಅಲಗುಗಳಿಗೆ ಎಣ್ಣೆ ಸವರಿ, ಹ್ಯಾಂಡಲ್ ತಿರುಗಿಸಿ ಗಟ್ಟಿಯಾಗಿ ತಡೆಯುವ ಹಂತಕ್ಕೆ ತಂದು ನಿಲ್ಲಿಸಬೇಕು. ಆಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ತೇವದ ಗಾಳಿ ಸಿಲಿಂಡರಿಗೆ ಹೋಗಿ ತುಕ್ಕು ಹಿಡಿಸುವುದು ತಪ್ಪುತ್ತದೆ.

ಕೊನೆಯದಾಗಿ, ನಿಮ್ಮಿಂದ ಆಗಬೇಕಾದ ಒಂದು ಕೆಲಸವಿದೆ. ಇನ್ನೂರು ಪುಟದ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಯಂತ್ರ ಯಾವ ದಿನ ಎಷ್ಟು ಗಂಟೆ ಓಡಿತು, ಎಷ್ಟು ಡೀಸೆಲ್ ಕುಡಿಯಿತು, ಯಾವ ಭಾಗವನ್ನು ಯಾವಾಗ ಎಷ್ಟು ಹಣಕ್ಕೆ ಬದಲಾಯಿಸಲಾಯಿತು ಎಂಬುದನ್ನು ಬರೆಯುತ್ತ ಹೋಗಿ. ಒಂದು ವರ್ಷ ಕಳೆಯಲಿ. ಮುಂದಿನ ಮುಂಗಾರಿಗೆ ಮನೆಯಲ್ಲಿ ಅದೇ ಚರ್ಚೆ ಎದ್ದಾಗ ಆ ಪುಸ್ತಕವನ್ನು ತಂದೆಯವರ ಮುಂದೆ ಇಡಿ. ತೀರ್ಮಾನ ಯಾವ ಕಡೆಗೇ ಆಗಲಿ, ಅದು ಅಳತೆಯ ಮೇಲೆ ಆದ ತೀರ್ಮಾನವಾಗಿರುತ್ತದೆ.